ಭತ್ತಕ್ಕೆ ‘ಸಟೈವಾ’, ಬೆಳ್ಳುಳ್ಳಿಗೆ ‘ಸಟೈವಮ್’: ಒಂದು ಲ್ಯಾಟಿನ್ ವಿಶೇಷಣದ ಬುಡ ಮತ್ತು ಬಾಲ

ಪ್ರಶ್ನೆ: ನಾನು ಕೃಷಿ ಡಿಪ್ಲೊಮಾ ವಿದ್ಯಾರ್ಥಿ. ಭತ್ತ ‘ಒರೈಜಾ ಸಟೈವಾ’, ಸೌತೆ ‘ಕುಕ್ಯುಮಿಸ್ ಸಟೈವಸ್’, ಬೆಳ್ಳುಳ್ಳಿ ‘ಅಲಿಯಮ್ ಸಟೈವಮ್’ ಎಂದು ಓದಿದ್ದೇನೆ. ಪರೀಕ್ಷೆಯಲ್ಲಿ ಮೂಲಂಗಿಗೆ ‘ರಫಾನಸ್ ಸಟೈವಾ’ ಎಂದು ಬರೆದು ಅಂಕ ಕಳೆದುಕೊಂಡೆ. ಪದ ಒಂದೇ ಆದರೆ ಬಾಲ ಯಾಕೆ ಬದಲಾಗುತ್ತದೆ? ಇದು ಸಂಸ್ಕೃತದ ‘ಸತ್ತ್ವ’ದಿಂದ ಬಂದದ್ದು, ಸತ್ತ್ವಯುತ ಆಹಾರ ಎಂದರ್ಥ ಎಂದು ವಾಟ್ಸಾಪ್‌ನಲ್ಲಿ ಓದಿದೆ, ನಿಜವೇ? ಸರಿಯಾದ ರೂಪ ಕಂಡುಕೊಳ್ಳಲು ನಿಯಮವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಸತ್ತ್ವಕ್ಕೂ ಇದಕ್ಕೂ ನಂಟಿಲ್ಲ. ಪದದ ಅರ್ಥ ‘ಬಿತ್ತಿದ’, ‘ಬಿತ್ತಿ ಬೆಳೆಯುವ’ ಎಂದಷ್ಟೇ. ಬಾಲ ಬದಲಾಗುವುದು ಬೆಳೆಯ ಗುಣದಿಂದಲ್ಲ, ಮೊದಲ ಪದವಾದ ಜಾತಿನಾಮದ (ಜೀನಸ್) ವ್ಯಾಕರಣಲಿಂಗದಿಂದ. ಒರೈಜಾ ಸ್ತ್ರೀಲಿಂಗ, ಕುಕ್ಯುಮಿಸ್ ಪುಲ್ಲಿಂಗ, ಅಲಿಯಮ್ ನಪುಂಸಕಲಿಂಗ. ಮೂಲಂಗಿಯ ರಫಾನಸ್ ಪುಲ್ಲಿಂಗ, ಆದ್ದರಿಂದ ಅಲ್ಲಿ ‘ಸಟೈವಸ್’ ಬರಬೇಕು. ನಿಮ್ಮ ಪರೀಕ್ಷಕರು ಅಂಕ ಕಳೆದದ್ದು ಸರಿಯಾಗಿಯೇ ಇದೆ. ಪರೀಕ್ಷೆಯ ಮಟ್ಟಿಗೆ ಉತ್ತರ ಇಷ್ಟೇ. ಆದರೆ ಲಿಂಗ ಗೊತ್ತಾಗುವುದು ಹೇಗೆ ಎಂಬಲ್ಲಿ ತೊಡಕುಗಳಿವೆ. ಅವನ್ನು ಬಿಡಿಸಲು ಪದದ ಬುಡದಿಂದಲೇ ಹೊರಡಬೇಕು.

ಮೊದಲು ಉಚ್ಚಾರ. ‘ಸಟೈವಾ’ ಎಂಬುದು ಇಂಗ್ಲಿಷಿನ ಬಾಯಲ್ಲಿ ಹಾದು ಬಂದ ರೂಪ. ಲ್ಯಾಟಿನ್ನಿನಲ್ಲಿ ಮೊದಲ ಅಕ್ಷರ ಹ್ರಸ್ವ, ಎರಡನೆಯದು ದೀರ್ಘ, ಒತ್ತೂ ಅದರ ಮೇಲೆಯೇ, ತಕಾರ ದಂತ್ಯ. ಅಂದರೆ ‘ಸತೀವ’. ಕೊನೆಯ ಅಕಾರವೂ ಹ್ರಸ್ವ. ರೋಮನ್ ಲಿಪಿ ಈ ಹ್ರಸ್ವ-ದೀರ್ಘಗಳನ್ನು ತೋರಿಸುವುದಿಲ್ಲ, ಕನ್ನಡ ಲಿಪಿ ತೋರಿಸುತ್ತದೆ. ಆ ಸೌಲಭ್ಯವನ್ನು ಬಳಸಿಕೊಂಡು ಇಲ್ಲಿಂದ ಮುಂದೆ ಹೆಸರುಗಳನ್ನು ಲ್ಯಾಟಿನ್ನಿಗೆ ಹತ್ತಿರವಾಗಿಯೇ ಬರೆಯುತ್ತೇನೆ: ಸತೀವುಸ್ (ಪುಲ್ಲಿಂಗ), ಸತೀವ (ಸ್ತ್ರೀಲಿಂಗ), ಸತೀವುಮ್ (ನಪುಂಸಕ). ಕ್ಲಾಸಿನಲ್ಲಿ ನೀವು ಸಟೈವಸ್, ಸಟೈವಾ, ಸಟೈವಮ್ ಎಂದರೂ ತಪ್ಪಲ್ಲ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ, ಸಾಕು.

ಇದರ ಧಾತು ‘ಸೆರೆರೆ’: ಬಿತ್ತುವುದು, ನೆಡುವುದು. ಲ್ಯಾಟಿನ್ ನಿಘಂಟುಗಳು ಪ್ರತಿ ಕ್ರಿಯಾಪದಕ್ಕೆ ನಾಲ್ಕು ರೂಪ ಕೊಡುತ್ತವೆ. ಇದರವು ಸೆರೋ (ಬಿತ್ತುತ್ತೇನೆ), ಸೆರೆರೆ (ಬಿತ್ತುವುದು), ಸೇವೀ (ಬಿತ್ತಿದೆ), ಸತುಮ್ (ಬಿತ್ತಿದ್ದು). ನಾಲ್ಕನೆಯ ರೂಪದ ‘ಸತ್-’ ಅಂಗಕ್ಕೆ ‘-ಈವುಸ್’ ಪ್ರತ್ಯಯ ಸೇರಿ ಸತೀವುಸ್ ಆಗಿದೆ. ಸೆರೆಸಿಕ್ಕ ‘ಕಪ್ತುಸ್’ನಿಂದ ‘ಕಪ್ತೀವುಸ್’, ಹುಟ್ಟಿದ ‘ನಾತುಸ್’ನಿಂದ ‘ನಾತೀವುಸ್’ ಆದದ್ದೂ ಹೀಗೆಯೇ; ಇಂಗ್ಲಿಷಿನ ಕ್ಯಾಪ್ಟಿವ್, ನೇಟಿವ್ ಅಲ್ಲಿಯವು. ವಿಶೇಷಣಕ್ಕೆ ಲ್ಯಾಟಿನ್ ವೈಯಾಕರಣರು ಇಟ್ಟ ‘ಅದ್ಯೆಕ್ತೀವುಸ್’ ಎಂಬ ಹೆಸರೂ ಇದೇ ಪ್ರತ್ಯಯದ್ದು.

ನಿಘಂಟು ನೋಡುವಾಗ ಒಂದು ಎಚ್ಚರ. ‘ಸೆರೋ, ಸೆರೆರೆ’ ಎಂದೇ ಶುರುವಾಗುವ ಇನ್ನೊಂದು ಕ್ರಿಯಾಪದವಿದೆ. ಅದರ ಅರ್ಥ ‘ಪೋಣಿಸು, ಜೋಡಿಸು’. ಮೊದಲ ಎರಡು ರೂಪ ಎರಡರಲ್ಲೂ ಒಂದೇ, ಮೂರನೆಯದರಲ್ಲಿ ಬೇರೆಯಾಗುತ್ತವೆ: ಅದು ಸೆರುಯೀ, ಸೆರ್ತುಮ್. ‘ಸೀರೀಸ್’ ಬಂದದ್ದು ಆ ಪೋಣಿಸುವ ಧಾತುವಿನಿಂದ. ಬಿತ್ತುವ ಧಾತುವಿನ ಬಳಗದಲ್ಲಿರುವುದು ಬೀಜವೆಂಬ ಅರ್ಥದ ‘ಸೇಮೆನ್’, ದೂರದ ನೆಂಟರಾಗಿ ಇಂಗ್ಲಿಷಿನ ಸೋ (ಬಿತ್ತು) ಮತ್ತು ಸೀಡ್. ಇನ್ನೊಂದು ಪದ ನಮ್ಮ ಮಾತಿನಲ್ಲೇ ಇದೆ. ಮಾವಿನ ಸೀಸನ್, ಮದುವೆ ಸೀಸನ್ ಎನ್ನುತ್ತೇವಲ್ಲ, ಆ ‘ಸೀಸನ್’ ಹಳೆಯ ಫ್ರೆಂಚಿನ ಮೂಲಕ ಬಂದ ಲ್ಯಾಟಿನ್ನಿನ ‘ಸತಿಯೋ’: ಬಿತ್ತನೆ. ಬಿತ್ತನೆಯ ಹೊತ್ತು ಎಂಬುದೇ ಹಿಗ್ಗಿ ಕಾಲಮಾನವಾಯಿತು.

ಇನ್ನು ಸತ್ತ್ವದ ವಿಚಾರ. ಸಂಸ್ಕೃತದಲ್ಲಿ ಸತ್ತ್ವ ಎಂದರೆ ‘ಸತ್’ + ‘ತ್ವ’, ಇರುವಿಕೆ. ಅದರ ಧಾತು ‘ಅಸ್’. ಆ ಧಾತುವಿನ ಲ್ಯಾಟಿನ್ ನೆಂಟ ಬೇರೆಯೇ ಇದೆ: ಅಸ್ತಿ ಎಂಬುದಕ್ಕೆ ‘ಎಸ್ತ್’. ಸತುಸ್‌ನ (‘ಬಿತ್ತಿದ’, ಸತುಮ್‌ನ ಪುಲ್ಲಿಂಗ ರೂಪ) ಅಕಾರವನ್ನು ಗಮನಿಸಿದರೆ ವಿಷಯ ಇನ್ನೂ ಸ್ಪಷ್ಟ. ಲ್ಯಾಟಿನ್ನಿನ ಈ ಬಗೆಯ ಹ್ರಸ್ವ ಅಕಾರಕ್ಕೆ ಎದುರಾಗಿ ಸಂಸ್ಕೃತದಲ್ಲಿ ಬರುವುದು ಇಕಾರ: ಸ್ತತುಸ್ – ಸ್ಥಿತ, ಪತೆರ್ – ಪಿತೃ. ಆದ್ದರಿಂದ ಎರಡೂ ಕಡೆ ‘ಸತ್’ ಎಂದು ಕಿವಿಗೆ ಕೇಳಿಸುವುದೇ ಸಂಶಯಕ್ಕೆ ಕಾರಣವಾಗಬೇಕು, ನಂಬಿಕೆಗಲ್ಲ. ಸ್ಥಾ ಧಾತು ‘ತಿಷ್ಠತಿ’ಯಲ್ಲಿ ಇಮ್ಮಡಿಸುತ್ತದಲ್ಲ, ಸೆರೋ ಕೂಡ ಅಂಥದ್ದೇ: ಮೊದಲು ‘ಸಿಸ್-’ ಎಂದಿದ್ದು, ಎರಡು ಸ್ವರಗಳ ನಡುವಿನ ಸಕಾರ ಲ್ಯಾಟಿನ್ನಿನಲ್ಲಿ ರಕಾರವಾಗುವುದರಿಂದ ‘ಸೆರ್-’ ಆಯಿತು. ‘ಸಾಕು’ ಎಂಬರ್ಥದ ಲ್ಯಾಟಿನ್ ‘ಸತಿಸ್’ ಕೂಡ ಬೇರೆ ಧಾತುವಿನದು. ‘ಸಟೈವಾ ಎಂದರೆ ತೃಪ್ತಿ ಕೊಡುವ’ ಎಂಬ ಇನ್ನೊಂದು ಸಂದೇಶ ಬಂದರೆ ಅದನ್ನೂ ಅಳಿಸಿಬಿಡಿ. ಇಂಥ ಎಡವಟ್ಟು ರೋಮನ್ನರಿಗೂ ಹೊಸದಲ್ಲ. ಸಾತುರ್ನುಸ್ ದೇವನ ಹೆಸರು ಬಿತ್ತನೆಯಿಂದ ಬಂದದ್ದೆಂದು ರೋಮನ್ ವಿದ್ವಾಂಸ ವಾರ್ರೋ ಬರೆದ. ದೇವನ ಹೆಸರಿನಲ್ಲಿ ಮೊದಲ ಸ್ವರ ದೀರ್ಘ, ಸತುಸ್‌ನಲ್ಲಿ ಹ್ರಸ್ವ. ಇಂದಿನ ಭಾಷಾವಿಜ್ಞಾನಿಗಳು ಅದನ್ನು ಸುಲಭವಾಗಿ ಒಪ್ಪುವುದಿಲ್ಲ.

ಅರ್ಥಕ್ಕೆ ಬರೋಣ. ರೋಮನ್ ಕೃಷಿ ಬರಹಗಳಲ್ಲಿ, ಕ್ರಿಸ್ತಶಕ 1ನೆಯ ಶತಮಾನದ ಪ್ಲಿನಿಯಲ್ಲಿ, ಸತೀವುಸ್ ಒಂದು ಜೋಡಿಯ ಅರ್ಧ. ಇನ್ನರ್ಧ ‘ಸಿಲ್ವೆಸ್ತ್ರಿಸ್’, ಕಾಡಿನದು. ನಾವು ಊರಹಂದಿ-ಕಾಡುಹಂದಿ ಎಂದು ಎದುರುಬದುರು ಇಡುವ ಹಾಗೆ, ಒಂದೇ ಗಿಡದ ಎರಡು ಬಗೆಗಳನ್ನು ಬೇರ್ಪಡಿಸಲು ಈ ಮಾತು. ಈಚಲು ಮರದ ‘ಫೀನಿಕ್ಸ್ ಸಿಲ್ವೆಸ್ತ್ರಿಸ್’ನಲ್ಲಿ ಕಾಣುವುದು ಆ ಎದುರು ಪದ. ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಎರಡು ಪದಗಳ ಹೆಸರಿಡುವ ಕ್ರಮವನ್ನು ಸಸ್ಯಗಳಿಗೆಲ್ಲ ಹಬ್ಬಿಸಿದಾಗ ಸತೀವುಸ್ ಹೊಸದಾಗಿರಲಿಲ್ಲ. ಹಳೆಯ ಗಿಡಮೂಲಿಕೆ ಗ್ರಂಥಗಳ ಉದ್ದುದ್ದ ಹೆಸರುಗಳಲ್ಲಿ ಆಗಲೇ ನೆಲೆಯೂರಿತ್ತು. ಭತ್ತ, ಬೆಳ್ಳುಳ್ಳಿ, ಸೌತೆ, ಮೂಲಂಗಿ, ಕೊತ್ತಂಬರಿ, ಬಟಾಣಿ, ಕೇಸರಿ, ಓಟ್ಸ್, ಕರಿಜೀರಿಗೆ, ಕುದುರೆಮಸಾಲೆ ಸೊಪ್ಪು, ಗಾಂಜಾ, ಎಲ್ಲಕ್ಕೂ ಇದೇ ಪದ ಅಂಟಿಕೊಂಡಿದೆ.

‘ಬಿತ್ತಿದ’ ಎಂದು ಅಕ್ಷರಶಃ ಹಿಡಿದರೆ ಸಿಕ್ಕಿಬೀಳುತ್ತೀರಿ. ಕಾಶ್ಮೀರದ ಪಾಂಪೋರಿನಲ್ಲಿ ಬೆಳೆಯುವ ಕೇಸರಿ, ‘ಕ್ರೊಕುಸ್ ಸತೀವುಸ್’, ಬೀಜವನ್ನೇ ಕಟ್ಟುವುದಿಲ್ಲ. ಅದರಲ್ಲಿ ವರ್ಣತಂತುಗಳು ಎಂಟೆಂಟರ ಮೂರು ಕಟ್ಟು, ಒಟ್ಟು 24. ಮೂರನ್ನು ಸಮ ಎರಡು ಪಾಲು ಮಾಡಲಾಗದ್ದರಿಂದ ಗಿಡ ಬಂಜೆ, ಗೆಡ್ಡೆ ಬೇರ್ಪಡಿಸಿಯೇ ನೆಡಬೇಕು. ಬೆಳ್ಳುಳ್ಳಿಯೂ ಎಸಳು ನೆಟ್ಟು ಬೆಳೆಯುವ ಬೆಳೆ. ಆದರೂ ಹೆಸರು ತಪ್ಪಲ್ಲ, ಏಕೆಂದರೆ ಸೆರೆರೆಯನ್ನು ರೋಮನ್ನರು ಮರ ನೆಡುವುದಕ್ಕೂ ಬಳಸುತ್ತಿದ್ದರು. ‘ಬೆಳೆಸಿದ, ಸಾಗುವಳಿಯ’ ಎಂದು ಕನ್ನಡಿಸಿದರೆ ಎಲ್ಲಕ್ಕೂ ಹೊಂದುತ್ತದೆ. ಕಸಿ ಕಟ್ಟಿದ ಗಿಡಕ್ಕೆ ಅವರಲ್ಲಿ ಇದೇ ಧಾತುವಿನ ಬೇರೆ ವಿಶೇಷಣವಿತ್ತು: ‘ಇನ್ಸಿತೀವುಸ್’. ಉಪಸರ್ಗ ಸೇರಿದಾಗ ಸತ್ ಎಂಬುದು ಸಿತ್ ಆಗುವುದು ಲ್ಯಾಟಿನ್ನಿನ ವಾಡಿಕೆ.

ಗಾಂಜಾ ವಿಷಯದಲ್ಲಿ ಈ ಪದಕ್ಕೆ ಇಲ್ಲದ ಅರ್ಥ ತುಂಬಿದ್ದಾರೆ. ‘ಕನ್ನಬಿಸ್ ಸತೀವ’ ಎಂಬುದು ಲಿನ್ನೇಯಸ್ ಇಟ್ಟದ್ದು. 1785ರಲ್ಲಿ ಲಮಾರ್ಕ್ ಭಾರತದ ಗಿಡಕ್ಕೆ ‘ಕನ್ನಬಿಸ್ ಇಂದಿಕ’ ಎಂದು ಬೇರೆ ಹೆಸರಿಟ್ಟ. ಮಾರಾಟ ಕಾನೂನುಬದ್ಧವಾಗಿರುವ ದೇಶಗಳ ಅಂಗಡಿಗಳಲ್ಲಿ ಇವೆರಡನ್ನೂ ಅಮಲಿನ ಬಗೆಗಳ ಹೆಸರಾಗಿ ಬಳಸುತ್ತಾರೆ. ವಿಶೇಷಣಗಳಲ್ಲಿ ಅದೇನೂ ಇಲ್ಲ: ಒಂದು ‘ಬೆಳೆಸಿದ’, ಇನ್ನೊಂದು ‘ಭಾರತದ’.

ಈಗ ವ್ಯಾಕರಣ. ಕನ್ನಡಿಗರಿಗೆ ಇಲ್ಲಿ ತೊಡಕಾಗುವುದು ಸಹಜ. ನಮ್ಮಲ್ಲಿ ದೊಡ್ಡ ಮರ, ದೊಡ್ಡ ಹುಡುಗ, ದೊಡ್ಡ ಹುಡುಗಿ; ವಿಶೇಷಣ ಅಲುಗುವುದಿಲ್ಲ. ಗಿಡಮರಗಳೆಲ್ಲ ನಪುಂಸಕ, ಪ್ರಶ್ನೆಯೇ ಇಲ್ಲ. ಲ್ಯಾಟಿನ್ ನಡೆಯುವುದು ಸಂಸ್ಕೃತದ ದಾರಿಯಲ್ಲಿ. ‘ಯಲ್ಲಿಂಗಂ ಯದ್ವಚನಂ ಯಾ ಚ ವಿಭಕ್ತಿರ್ವಿಶೇಷ್ಯಸ್ಯ, ತಲ್ಲಿಂಗಂ ತದ್ವಚನಂ ಸೈವ ವಿಭಕ್ತಿರ್ವಿಶೇಷಣಸ್ಯಾಪಿ’ ಎಂಬ ಶ್ಲೋಕ ಶಾಲೆಯಲ್ಲಿ ಸಂಸ್ಕೃತ ತೆಗೆದುಕೊಂಡವರಿಗೆ ನೆನಪಿರಬಹುದು. ವಿಶೇಷ್ಯದ ಲಿಂಗ, ವಚನ, ವಿಭಕ್ತಿ ಯಾವುದೋ ವಿಶೇಷಣಕ್ಕೂ ಅದೇ. ಲಿಂಗ ಪದದ್ದು, ವಸ್ತುವಿನದಲ್ಲ ಎಂಬುದೂ ಅಲ್ಲಿಯಂತೆಯೇ. ಹೆಂಡತಿ ಎಂಬ ಅರ್ಥದ ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕ ಅಲ್ಲವೇ?

ಸತೀವುಸ್ ಏಕವಚನದಲ್ಲಿ ಹೀಗೆ ನಡೆಯುತ್ತದೆ (ಕ್ರಮ: ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕ):

ಪ್ರಥಮಾ: ಸತೀವುಸ್, ಸತೀವ, ಸತೀವುಮ್
ದ್ವಿತೀಯಾ: ಸತೀವುಮ್, ಸತೀವಮ್, ಸತೀವುಮ್
ಷಷ್ಠೀ: ಸತೀವೀ, ಸತೀವೈ, ಸತೀವೀ
ಚತುರ್ಥೀ: ಸತೀವೋ, ಸತೀವೈ, ಸತೀವೋ
ಪಂಚಮೀ: ಸತೀವೋ, ಸತೀವಾ, ಸತೀವೋ

ಬಹುವಚನದ ಪ್ರಥಮೆ ಸತೀವೀ, ಸತೀವೈ, ಸತೀವ. ಈ ಕೊನೆಯದು ಮೋಸ ಮಾಡುತ್ತದೆ: ನಪುಂಸಕ ಬಹುವಚನವೂ ಸ್ತ್ರೀಲಿಂಗ ಏಕವಚನವೂ ನೋಡಲು ಒಂದೇ. ಪಂಚಮಿಯ ‘ಸತೀವಾ’ ಮಾತ್ರ ದೀರ್ಘಾಂತ್ಯ. ರೋಮನ್ ಅಕ್ಷರದಲ್ಲಿ ಮೂರಕ್ಕೂ ಒಂದೇ ಕಾಗುಣಿತ. ಸಸ್ಯನಾಮಕ್ಕೆ ಬೇಕಾದದ್ದು ಪ್ರಥಮಾ ಏಕವಚನದ ಮೂರು ರೂಪ ಮಾತ್ರ. ಉಳಿದವು ಬೇಕಾಗುವುದು ಹಳೆಯ ಸಸ್ಯವಿವರಣೆ ಓದುವಾಗ: 1935ರ ಜನವರಿ 1ರಿಂದ 2011ರ ಕೊನೆಯವರೆಗೆ ಹೊಸ ಹೂಗಿಡವೊಂದನ್ನು ಹೆಸರಿಸಬೇಕಾದರೆ ವಿವರಣೆ ಲ್ಯಾಟಿನ್ನಿನಲ್ಲಿರಲೇಬೇಕಿತ್ತು. 2012ರಿಂದ ಇಂಗ್ಲಿಷೂ ನಡೆಯುತ್ತದೆ.

ಜಾತಿನಾಮದ ಲಿಂಗ ಕಂಡುಹಿಡಿಯುವುದೇ ನಿಜವಾದ ಕೆಲಸ. ‘-ಅ’ ಕೊನೆಯದು ಬಹುಪಾಲು ಸ್ತ್ರೀಲಿಂಗ, ‘-ಉಸ್’ ಬಹುಪಾಲು ಪುಲ್ಲಿಂಗ, ‘-ಉಮ್’ ನಪುಂಸಕ. ಇಷ್ಟನ್ನೇ ನಂಬಿದರೆ ಎಡವುವ ಕಡೆಗಳು ಇವು.

ಮರಗಳು. ಲ್ಯಾಟಿನ್ನಿನಲ್ಲಿ ಮರದ ಹೆಸರುಗಳು ‘-ಉಸ್’ ಎಂದು ಮುಗಿದರೂ ಸಾಮಾನ್ಯವಾಗಿ ಸ್ತ್ರೀಲಿಂಗ. ಸೇಬಿನ ಮರ ‘ಮಾಲುಸ್’ ಸ್ತ್ರೀಲಿಂಗ, ಹಣ್ಣು ‘ಮಾಲುಮ್’ ನಪುಂಸಕ. ಹಾಗಾಗಿ ಅರಳಿ ‘ಫೀಕುಸ್ ರೆಲಿಗಿಯೋಸ’, ರೇಷ್ಮೆ ಹುಳುವಿಗೆ ಹಾಕುವ ಹಿಪ್ಪುನೇರಳೆ ‘ಮೋರುಸ್ ಅಲ್ಬ’, ಹುಣಸೆ ‘ತಮರಿಂದುಸ್ ಇಂದಿಕ’. (ತಮರಿಂದುಸ್ ಎಂಬುದೇ ಅರಬ್ಬಿಯ ‘ತಮರ್ ಹಿಂದೀ’, ಭಾರತದ ಖರ್ಜೂರ, ಮೇಲೆ ಇಂದಿಕ ಸೇರಿ ಭಾರತ ಎರಡು ಸಲ ಬಂತು.) ಆದರೆ ಇದು ಎಲ್ಲ ಮರಕ್ಕೂ ಅಲ್ಲ. ಗ್ರೀಕಿನ ‘ಕರ್ಪೊಸ್’, ಹಣ್ಣು, ಪುಲ್ಲಿಂಗವಾದ್ದರಿಂದ ಅದರಿಂದ ಕಟ್ಟಿದ ಹೆಸರುಗಳು ಪುಲ್ಲಿಂಗ: ಹಲಸು ‘ಅರ್ತೊಕರ್ಪುಸ್ ಹೆತೆರೊಫಿಲ್ಲುಸ್’, ರಕ್ತಚಂದನ ‘ಪ್ತೆರೊಕರ್ಪುಸ್ ಸಂತಲೀನುಸ್’. ಶ್ರೀಗಂಧ ‘ಸಂತಲುಮ್ ಅಲ್ಬುಮ್’, ನಪುಂಸಕ. ಹಿಪ್ಪುನೇರಳೆಗೂ ಶ್ರೀಗಂಧಕ್ಕೂ ಇರುವುದು ‘ಬಿಳಿಯ’ ಎಂಬ ಒಂದೇ ವಿಶೇಷಣ.

‘-ಮ’ ಕೊನೆಯ ಗ್ರೀಕ್ ಪದಗಳು. ನೋಡಲು ಸ್ತ್ರೀಲಿಂಗ, ಆದರೆ ನಪುಂಸಕ. ಹುರುಳಿಯ ‘ಮಕ್ರೊತಿಲೋಮ ಊನಿಫ್ಲೋರುಮ್’ ಇದಕ್ಕೆ ಒಳ್ಳೆಯ ಉದಾಹರಣೆ. ಇಲ್ಲಿ ‘ಊನಿಫ್ಲೋರ’ ಎಂದು ಬರೆದವರನ್ನು ಹುಡುಕುವುದು ಕಷ್ಟವಲ್ಲ. ಆದರೆ ಅರಿಸಿನದ ‘ಕುರ್ಕುಮ’ ಗ್ರೀಕ್ ನಪುಂಸಕವಲ್ಲ, ಅದು ಬೇರೆ ಮೂಲದ ಪದ, ಸ್ತ್ರೀಲಿಂಗ: ‘ಕುರ್ಕುಮ ಲೊಂಗ’. ಹಿಪ್ಪಲಿಗೆ ಅದೇ ವಿಶೇಷಣ ‘ಪಿಪೆರ್ ಲೊಂಗುಮ್’.

‘-ಇಸ್’ ಮತ್ತು ‘-ಎರ್’ ನಂಬಿಕೆಗೆ ಅರ್ಹವಲ್ಲ. ಕುಕುಮಿಸ್ ಪುಲ್ಲಿಂಗ, ಕನ್ನಬಿಸ್ ಸ್ತ್ರೀಲಿಂಗ. ಪಿಪೆರ್, ಜಿಂಗಿಬೆರ್, ಕಿಕೆರ್ (ಕಡಲೆ) ಮೂರೂ ನಪುಂಸಕ. ಇವನ್ನು ಬಾಯಿಪಾಠ ಮಾಡುವುದೊಂದೇ ದಾರಿ.

ವಿಶೇಷಣಗಳಲ್ಲೂ ಎಲ್ಲವೂ ಸತೀವುಸ್‌ನಂತೆ ನಡೆಯುವುದಿಲ್ಲ. ‘ಕಪ್ಪು’ ಎಂಬುದು ನಿಗೆರ್, ನಿಗ್ರ, ನಿಗ್ರುಮ್. ಕಾಳುಮೆಣಸು ‘ಪಿಪೆರ್ ನಿಗ್ರುಮ್’, ಒಂದು ಬಗೆಯ ಸಾಸಿವೆ ‘ಬ್ರಸ್ಸಿಕ ನಿಗ್ರ’. ‘-ಆಲಿಸ್’ ಬಗೆಯವುಗಳಲ್ಲಿ ಪುಲ್ಲಿಂಗ-ಸ್ತ್ರೀಲಿಂಗಕ್ಕೆ ಒಂದೇ ರೂಪ, ನಪುಂಸಕಕ್ಕೆ ‘-ಆಲೆ’: ಶುಂಠಿ ‘ಒಫ್ಫಿಕಿನಾಲೆ’, ಆಸ್ಪ್ಯಾರಗಸ್ ತರಕಾರಿ ‘ಒಫ್ಫಿಕಿನಾಲಿಸ್’. ಜೋಳದ ‘ಬಿಕೊಲೊರ್’ನಂಥವು ಮೂರು ಲಿಂಗಕ್ಕೂ ಒಂದೇ. ಅತಿ ಹೆಚ್ಚು ತಪ್ಪುವುದು ಮೆಣಸಿನಕಾಯಿಯ ‘ಕಪ್ಸಿಕುಮ್ ಅನ್ನುವುಮ್’ನಲ್ಲಿ. ವಾರ್ಷಿಕ ಎಂಬರ್ಥದ ವಿಶೇಷಣ ಅನ್ನುವುಸ್, ಅನ್ನುವ, ಅನ್ನುವುಮ್. ರೋಮನ್ ಲಿಪಿಯಲ್ಲಿ ‘ಯು’ ಅಕ್ಷರ ನಪುಂಸಕದಲ್ಲಿ ಎರಡು ಸಲ, ಬೆನ್ನುಬೆನ್ನಿಗೆ ಬರುತ್ತದೆ. ಒಂದನ್ನು ಬಿಟ್ಟರೆ ವಿಶೇಷಣ ಹೋಗಿ ‘ವರ್ಷವನ್ನು’ ಎಂಬ ನಾಮಪದ ಉಳಿಯುತ್ತದೆ. ಸೂರ್ಯಕಾಂತಿ ‘ಹೆಲಿಯಂಥುಸ್ ಅನ್ನುವುಸ್’ನಲ್ಲೂ ಇದೇ ಎಚ್ಚರ.

ಎರಡನೆಯ ಪದ ವಿಶೇಷಣವೇ ಅಲ್ಲದಿರಬಹುದು, ಆಗ ಲಿಂಗದ ಮಾತೇ ಇಲ್ಲ. ಈರುಳ್ಳಿಯ ‘ಅಲ್ಲಿಯುಮ್ ಕೇಪ’ದಲ್ಲಿ ಕೇಪ ಎಂದರೆ ಲ್ಯಾಟಿನ್ನಿನಲ್ಲಿ ಈರುಳ್ಳಿಯೇ, ನಾಮಪದ, ಅದನ್ನು ‘ಕೇಪುಮ್’ ಮಾಡಬಾರದು. ನೇರಳೆಯ ‘ಸಿಜಿಗಿಯುಮ್ ಕುಮೀನೀ’ಯ ಎರಡನೆಯ ಪದವೂ ವಿಶೇಷಣವಲ್ಲ. ಸಣ್ಣ ಈರುಳ್ಳಿಗೆ ಉಪವಿಭಾಗದ ಹೆಸರು ಸೇರಿಸಿದಾಗ ‘ಅಲ್ಲಿಯುಮ್ ಕೇಪ ವರಿಯೆತಾಸ್ ಅಗ್ಗ್ರೆಗಾತುಮ್’ ಆಗುತ್ತದೆ. ಇಲ್ಲಿ ಕೇಪ ಸ್ತ್ರೀಲಿಂಗ, ವರಿಯೆತಾಸ್ ಕೂಡ ಸ್ತ್ರೀಲಿಂಗ. ಆದರೂ ಅಗ್ಗ್ರೆಗಾತುಮ್ ಹೊಂದಿಕೊಂಡದ್ದು ಎಲ್ಲಕ್ಕಿಂತ ಮುಂದಿರುವ ಅಲ್ಲಿಯುಮ್‌ಗೆ. ಹೊಂದಾಣಿಕೆ ಯಾವಾಗಲೂ ಜಾತಿನಾಮದ ಜೊತೆ, ನಡುವಿನ ಪದಗಳ ಜೊತೆಯಲ್ಲ.

ಗಿಡವನ್ನು ಒಂದು ಜಾತಿಯಿಂದ ಇನ್ನೊಂದಕ್ಕೆ ಸರಿಸಿದಾಗ ಇದೆಲ್ಲ ಪರೀಕ್ಷೆಗೆ ಬೀಳುತ್ತದೆ. ಹೆಸರುಕಾಳು ‘ಫಸೆಯೊಲುಸ್ ರದಿಯಾತುಸ್’ ಆಗಿದ್ದದ್ದು ವಿಗ್ನಕ್ಕೆ ಹೋದಾಗ ‘ವಿಗ್ನ ರದಿಯಾತ’ ಆಯಿತು. ಉದ್ದು ‘ಫಸೆಯೊಲುಸ್ ಮುಂಗೊ’ ಆಗಿತ್ತು, ‘ವಿಗ್ನ ಮುಂಗೊ’ ಆಯಿತು, ಬಾಲ ಹಾಗೆಯೇ, ಮುಂಗೊ ನಾಮಪದ. ಹುರುಳಿ ‘ದೊಲಿಖೊಸ್ ಊನಿಫ್ಲೋರುಸ್’ನಿಂದ ಊನಿಫ್ಲೋರುಮ್‌ಗೆ ಬಂತು. ಹೀಗೆ ಬಾಲ ಬದಲಾದರೂ ಅದು ಹೊಸ ವಿಶೇಷಣವಲ್ಲ. ಮೊದಲು ಹೆಸರಿಟ್ಟವರ ಸಂಕೇತ ಕಂಸದೊಳಗೆ ಉಳಿಯುತ್ತದೆ. ಬಟಾಣಿಯದು ಇನ್ನೂ ಸ್ವಾರಸ್ಯದ್ದು. ‘ಪಿಸುಮ್ ಸತೀವುಮ್’ ಅನ್ನು ಕೆಲವು ಪಟ್ಟಿಗಳು ಈಗ ಲಥಿರುಸ್ ಜಾತಿಯೊಳಗೆ ಸೇರಿಸಿವೆ. ವ್ಯಾಕರಣದ ಪ್ರಕಾರ ‘ಲಥಿರುಸ್ ಸತೀವುಸ್’ ಆಗಬೇಕಿತ್ತು, ಆದರೆ ಆ ಹೆಸರು ಕೇಸರಿಬೇಳೆಗೆ 1753ರಲ್ಲೇ ಹೋಗಿತ್ತು. ಎರಡು ಗಿಡಕ್ಕೆ ಒಂದು ಹೆಸರು ಸಲ್ಲದು. ಹಾಗಾಗಿ ಆ ಪಟ್ಟಿಗಳಲ್ಲಿ ಬಟಾಣಿ ‘ಲಥಿರುಸ್ ಒಲೆರಾಕೆಯುಸ್’, ತರಕಾರಿಯಾಗಿ ಬಳಸುವ ಲಥಿರುಸ್.

ಹೆಸರೊಂದರ ಬಾಲ ಸರಿಯೇ ಎಂದು ನೋಡಬೇಕಾದಾಗ ಹೀಗೆ ಹೋಗಿ. ಎರಡನೆಯ ಪದ ವಿಶೇಷಣವೋ ನಾಮಪದವೋ ಎಂದು ಮೊದಲು ತೀರ್ಮಾನಿಸಿ. ನಾಮಪದವಾದರೆ ಅಲ್ಲಿಗೆ ಬಿಡಿ. ವಿಶೇಷಣವಾದರೆ ಜಾತಿನಾಮದ ಲಿಂಗ ನೋಡಿ, ಅದಕ್ಕೆ ಸುಲಭದ ಉಪಾಯ ಅದೇ ಜಾತಿಯ ಇನ್ನೊಂದು ಪ್ರಭೇದದ ಹೆಸರು. ರಫನುಸ್ ಬಗ್ಗೆ ಅನುಮಾನವಿದ್ದರೆ ಕಾಡುಮೂಲಂಗಿಯ ‘ರಫನುಸ್ ರಫನಿಸ್ತ್ರುಮ್’ ನೋಡಿದರೆ ಮಾತ್ರ ದಾರಿ ತಪ್ಪುತ್ತೀರಿ, ಅದು ನಾಮಪದ. ಆದ್ದರಿಂದ ಉದಾಹರಣೆಗೆ ಆರಿಸಿದ ಪ್ರಭೇದದಲ್ಲೂ ಖಚಿತ ವಿಶೇಷಣವೇ ಇರಲಿ, ಒಂದಲ್ಲ ಎರಡು ಮೂರು ನೋಡಿ. ಆಮೇಲೆ ಅಂತರರಾಷ್ಟ್ರೀಯ ಸಸ್ಯನಾಮ ಸೂಚಿಯಲ್ಲಿ ತಾಳೆ ಹಾಕಿ. ಸಸ್ಯನಾಮಕರಣದ ಸಂಹಿತೆಯ 23.5ನೆಯ ವಿಧಿಯ ಪ್ರಕಾರ ತಪ್ಪು ಲಿಂಗಾಂತ್ಯವನ್ನು ಯಾರು ಬೇಕಾದರೂ ತಿದ್ದಿ ಬರೆಯಬಹುದು. ಹೆಸರಿಟ್ಟವರೂ ವರ್ಷವೂ ಬದಲಾಗುವುದಿಲ್ಲ, ಹೊಸದಾಗಿ ಪ್ರಕಟಿಸುವ ಅಗತ್ಯವೂ ಇಲ್ಲ. ಪ್ರಾಣಿಗಳಲ್ಲೂ ಇದೇ ಹೊಂದಾಣಿಕೆ ಇದೆ: ಗುಬ್ಬಿ ‘ಪಸ್ಸೆರ್ ದೊಮೆಸ್ತಿಕುಸ್’, ಮನೆನೊಣ ‘ಮುಸ್ಕ ದೊಮೆಸ್ತಿಕ’.

ಉತ್ತರಪತ್ರಿಕೆಯಲ್ಲಿ ಬರೆಯುವಾಗ ರೋಮನ್ ಲಿಪಿಯನ್ನೇ ಬಳಸಿ. ಜಾತಿನಾಮದ ಮೊದಲ ಅಕ್ಷರ ದೊಡ್ಡದು, ಸತೀವುಸ್ ಪೂರ್ತಿ ಸಣ್ಣಕ್ಷರದಲ್ಲಿ. ಮುದ್ರಣದಲ್ಲಿ ಓರೆ ಅಕ್ಷರ, ಕೈಬರಹದಲ್ಲಿ ಎರಡೂ ಪದಗಳಿಗೆ ಬೇರೆಬೇರೆ ಅಡಿಗೆರೆ.